ಮ್ಯಾನೇಜ್‌ಮೆಂಟ್ ಪಿಎಚ್‌.ಡಿ.: ನೋಂದಣಿಯಾದ ಮೇಲೆ ಮುಗಿಸುವ ದಾರಿ

ಮಂಗಳೂರಿನ ಯಾವ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೂ ವಾಣಿಜ್ಯ ಅಥವಾ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಒಬ್ಬರಾದರೂ ಸಿಗುತ್ತಾರೆ. ಕೋರ್ಸ್ ವರ್ಕ್ ಮುಗಿದಿರುತ್ತದೆ, ಪ್ರಶ್ನಾವಳಿಯ ಕರಡೂ ತಯಾರಿರುತ್ತದೆ. ಅಲ್ಲಿಂದ ಮುಂದೆ ಸೆಮಿಸ್ಟರ್‌ಗಳು ಉರುಳುತ್ತವೆ, ಪ್ರಬಂಧ ಮಾತ್ರ ಕದಲುವುದಿಲ್ಲ. ಇವರಲ್ಲಿ ಹೆಚ್ಚಿನವರು ಒಳ್ಳೆಯ ಮೇಷ್ಟ್ರುಗಳು, ದುಡಿಯುವವರು. ಅವರನ್ನು ಹತ್ತಿರದಿಂದ ನೋಡುತ್ತ ಬಂದಂತೆ ನನಗೆ ಒಂದು ವಿಷಯ ಖಚಿತವಾಗಿದೆ: ಐದನೆಯ ವರ್ಷದಲ್ಲಿ ಕಾಣಿಸಿಕೊಳ್ಳುವ ತೊಡಕು ಹುಟ್ಟಿದ್ದು ಮೊದಲ ವರ್ಷ ಶೀರ್ಷಿಕೆ ಬರೆದ ದಿನ. ಪ್ರಶ್ನೆ ದೊಡ್ಡದಾಗಿ, ಸಡಿಲವಾಗಿ ಇದ್ದರೆ ಎಷ್ಟು ದುಡಿದರೂ ಅದಕ್ಕೆ ತುದಿ ಸಿಗುವುದಿಲ್ಲ. ಈ ಲೇಖನದಲ್ಲಿ ಪ್ರಶ್ನೆಯ ಆಯ್ಕೆಗೇ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕಾಗಿ.

ಮೊದಲು ನಿಯಮಗಳು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ವಾಣಿಜ್ಯ ಮತ್ತು ವ್ಯವಹಾರ ಆಡಳಿತ ವಿಭಾಗಗಳಿರಲಿ, ಸುರತ್ಕಲ್‌ನ ಎನ್‌ಐಟಿಕೆ ಇರಲಿ, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಸಂತ ಅಲೋಶಿಯಸ್ ಇರಲಿ, ನಿಟ್ಟೆ, ಯೆನೆಪೋಯ, ಶ್ರೀನಿವಾಸ ಅಥವಾ ವಿಟಿಯು ಮಾನ್ಯತೆ ಪಡೆದ ಸಂಶೋಧನಾ ಕೇಂದ್ರಗಳಿರಲಿ, ನಿಮ್ಮ ಸಂಸ್ಥೆಯ ಪಿಎಚ್‌.ಡಿ. ನಿಯಮಾವಳಿಯನ್ನು ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಹಿರಿಯ ಸಹೋದ್ಯೋಗಿ ಹತ್ತು ವರ್ಷದ ಹಿಂದೆ ಮಾಡಿದ ಕ್ರಮ ಈಗ ನಡೆಯದೆ ಇರಬಹುದು. ಯುಜಿಸಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಪ್ರವೇಶದ ದಿನದಿಂದ ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು, ಆದರೆ ಒಟ್ಟು 8 ದಾಟುವಂತಿಲ್ಲ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮತ್ತೆ 2 ವರ್ಷದ ರಿಯಾಯಿತಿ ಇದ್ದು, ಒಟ್ಟು 10 ವರ್ಷದವರೆಗೆ ಅವಕಾಶವಿದೆ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ ಪಡೆಯಬಹುದು. ಇದನ್ನು ಕೇಳಿ ಪಡೆಯಲು ಸಂಕೋಚ ಬೇಡ, ಅದು ನಿಯಮದಲ್ಲೇ ಇರುವ ಹಕ್ಕು.

ಉದ್ಯೋಗದಲ್ಲಿದ್ದುಕೊಂಡೇ ಪಾರ್ಟ್ ಟೈಮ್ ಮಾಡುವವರು ತಮ್ಮ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಂಶೋಧನೆಗೆ ಸಾಕಷ್ಟು ಸಮಯ ಕೊಡಲಾಗುವುದು, ಅಗತ್ಯವಿದ್ದರೆ ಕೋರ್ಸ್ ವರ್ಕ್‌ಗಾಗಿ ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂಬ ಮಾತು ಆ ಪತ್ರದಲ್ಲಿ ಇರಬೇಕೆಂದು ನಿಯಮ ಹೇಳುತ್ತದೆ. ಆಡಳಿತ ಮಂಡಳಿ ಸಹಿ ಹಾಕಿದ ಆ ಕಾಗದದ ಒಂದು ಪ್ರತಿ ನಿಮ್ಮಲ್ಲಿರಲಿ. ನ್ಯಾಕ್ ಕಡತ, ಮೌಲ್ಯಮಾಪನ, ಪ್ರವೇಶಾತಿಯ ಕೆಲಸಗಳು ಒಟ್ಟಿಗೆ ಹೆಗಲೇರುವಾಗ ಬಾಯಿಮಾತಿನ ಭರವಸೆಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಈಗ ಪ್ರಶ್ನೆಗೆ ಬರೋಣ. ‘ದಕ್ಷಿಣ ಕನ್ನಡ ಜಿಲ್ಲೆಯ ಬ್ಯಾಂಕುಗಳಲ್ಲಿ ಗ್ರಾಹಕರ ತೃಪ್ತಿ: ಒಂದು ಅಧ್ಯಯನ’ ಎಂಬ ಧಾಟಿಯ ಶೀರ್ಷಿಕೆಗಳನ್ನು ನಾವೆಲ್ಲ ಓದಿದ್ದೇವೆ. ಇದರಲ್ಲಿ ವಿಷಯವಿದೆ, ಪ್ರಶ್ನೆ ಇಲ್ಲ. ಏನು ಸಿಕ್ಕರೆ ಅಧ್ಯಯನ ಮುಗಿಯಿತು ಎಂದು ಇದನ್ನು ಬರೆದವರಿಗೇ ಗೊತ್ತಿರುವುದಿಲ್ಲ. ನಾನು ವಿದ್ಯಾರ್ಥಿಗಳಿಗೆ ಕೇಳುವುದು ಇಷ್ಟೇ: ನಿಮ್ಮ ಉತ್ತರ ತಪ್ಪಾಗುವ ಸಾಧ್ಯತೆ ಇದೆಯೆ? ಗ್ರಾಹಕರಿಗೆ ತೃಪ್ತಿ ಇದೆ, ಸೇವೆ ಇನ್ನೂ ಸುಧಾರಿಸಬೇಕು ಎಂಬ ತೀರ್ಮಾನ ಎಂದೂ ತಪ್ಪಾಗುವುದಿಲ್ಲ. ಆದ್ದರಿಂದಲೇ ಅದರಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ.

ಒಳ್ಳೆಯ ಪ್ರಶ್ನೆಗೆ ಈ ಊರಿನಲ್ಲಿ ಬರವಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕಟ್ಟಿದ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಬೀಜ ಬಿತ್ತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕ್. ಐದರಲ್ಲಿ ನಾಲ್ಕು 1969 ಮತ್ತು 1980ರ ರಾಷ್ಟ್ರೀಕರಣದಲ್ಲಿ ಸರ್ಕಾರದ ಬ್ಯಾಂಕುಗಳಾದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಇಂದು ಮಂಗಳೂರಿನಲ್ಲೇ ಪ್ರಧಾನ ಕಚೇರಿ ಇಟ್ಟುಕೊಂಡಿರುವುದು ಕರ್ಣಾಟಕ ಬ್ಯಾಂಕ್ ಒಂದೇ. ಕಾರ್ಪೊರೇಶನ್ ಬ್ಯಾಂಕಿನ ಪಾಂಡೇಶ್ವರದ ಪ್ರಧಾನ ಕಚೇರಿ ಇಲ್ಲವಾದಾಗ ಅಲ್ಲಿ ತೀರ್ಮಾನ ತೆಗೆದುಕೊಳ್ಳುತ್ತಿದ್ದ ಮಧ್ಯಮ ಹಂತದ ಅಧಿಕಾರಿಗಳ ವೃತ್ತಿಜೀವನ ಯಾವ ಕಡೆ ತಿರುಗಿತು? ವಿಲೀನವಾದ ಎರಡು ಬ್ಯಾಂಕುಗಳಲ್ಲಿ ಒಂದರ ಸಿಬ್ಬಂದಿ ಬೇಗ ಹೊಂದಿಕೊಂಡು ಇನ್ನೊಂದರವರು ಹೊಂದಿಕೊಳ್ಳದಿದ್ದರೆ ಅದಕ್ಕೆ ಕಾರಣವೇನು? ಇವು ಪ್ರಬಂಧವಾಗಬಲ್ಲ ಪ್ರಶ್ನೆಗಳು. ಉತ್ತರ ಹೇಳಬಲ್ಲ ಜನ ಇನ್ನೂ ನಮ್ಮ ಬೀದಿಗಳಲ್ಲೇ ಇದ್ದಾರೆ, ನಿವೃತ್ತರಾಗುತ್ತಲೂ ಇದ್ದಾರೆ.

ಪ್ರಶ್ನೆಯನ್ನು ಕಿರಿದು ಮಾಡುವುದೆಂದರೇನು ಎಂದು ಒಂದು ಉದಾಹರಣೆಯಲ್ಲಿ ಪೂರ್ತಿ ನೋಡೋಣ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಪ್ರತಿದಿನ ಮನೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡು ಹೋಗುತ್ತಿದ್ದರು. ಈಗ ಸಹಕಾರಿ ಸಂಘಗಳೂ ಈ ಪದ್ಧತಿಯನ್ನು ನಡೆಸುತ್ತಿವೆ. 2016ರಿಂದ ಯುಪಿಐ ಬಂದಿದೆ, ಮಾರ್ಕೆಟಿನ ತರಕಾರಿ ವ್ಯಾಪಾರಿಯ ಮುಂದೆಯೂ ಕ್ಯೂಆರ್ ಕೋಡ್ ನಿಂತಿದೆ. ‘ಡಿಜಿಟಲ್ ಪಾವತಿಯ ಪರಿಣಾಮ’ ಎಂದು ಶೀರ್ಷಿಕೆ ಇಟ್ಟರೆ ನೀವು ಸಮುದ್ರದಲ್ಲಿದ್ದೀರಿ. ‘ದಿನದ ವಹಿವಾಟಿನ ಅರ್ಧಕ್ಕಿಂತ ಹೆಚ್ಚನ್ನು ಯುಪಿಐಯಲ್ಲಿ ಪಡೆಯುವ ಸಣ್ಣ ವ್ಯಾಪಾರಿ ಪಿಗ್ಮಿ ಏಜೆಂಟರಿಗೆ ಕೊಡುವ ಉಳಿತಾಯವನ್ನು ಕಡಿಮೆ ಮಾಡುತ್ತಾನೆಯೆ, ಏಜೆಂಟರೊಂದಿಗಿನ ಒಡನಾಟ ಹಳೆಯದಾದರೆ ಆ ಇಳಿಕೆ ತಗ್ಗುತ್ತದೆಯೆ’ ಎಂದು ಕೇಳಿದರೆ ದಡ ಕಾಣುತ್ತದೆ. ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು, ಯಾವುದರ ಜೊತೆ ಹೋಲಿಸಬೇಕು ಎಂಬುದೆಲ್ಲ ಪ್ರಶ್ನೆಯೊಳಗೇ ಇದೆ. ಉತ್ತರ ‘ಇಲ್ಲ’ ಎಂದು ಬಂದರೂ ಅದು ಹೊಸ ತಿಳಿವಳಿಕೆಯೇ, ಪ್ರಬಂಧ ಸೋತಂತಲ್ಲ.

ಹೀಗೆಯೇ ಕ್ಯಾಂಪ್ಕೊ. ಅಡಿಕೆ ಬೆಲೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಸೇರಿಸಿ ಕಟ್ಟಿದ ಸಂಸ್ಥೆ. ಪುತ್ತೂರಿನ ಚಾಕೊಲೇಟ್ ಕಾರ್ಖಾನೆ 1986ರದು. ಖಾಸಗಿ ವ್ಯಾಪಾರಿ ಒಂದೆರಡು ರೂಪಾಯಿ ಹೆಚ್ಚು ಕೊಟ್ಟ ದಿನ ಸದಸ್ಯ ಬೆಳೆಗಾರ ಎತ್ತ ಹೋಗುತ್ತಾನೆ ಎಂಬ ಪ್ರಶ್ನೆ ಸಹಕಾರ ಸಿದ್ಧಾಂತದ ನಡುಮನೆಗೇ ಸೇರಿದ್ದು. ಇತಿಹಾಸದತ್ತ ಒಲವಿರುವವರಿಗೆ 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಇದೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಷನ್‌ನ ಹಳೆಯ ದಾಖಲೆಗಳಿವೆ. ವ್ಯವಹಾರ ಆಡಳಿತ ಎಂದರೆ ಪ್ರಶ್ನಾವಳಿ ಮಾತ್ರ ಎಂದು ಯಾರೂ ವಿಧಿಸಿಲ್ಲ. ಕಡತ ಓದಿ ಬರೆದ ಒಂದು ಕಾರ್ಖಾನೆಯ ಚರಿತ್ರೆಯೂ ಮ್ಯಾನೇಜ್‌ಮೆಂಟ್ ಸಂಶೋಧನೆಯೇ. ನಮ್ಮಲ್ಲಿ ಅಂಥದ್ದನ್ನು ಕೈಗೆತ್ತಿಕೊಳ್ಳುವವರು ಕಡಿಮೆ ಎಂಬುದು ನನಗೆ ನಿಜವಾಗಿ ಬೇಸರದ ಸಂಗತಿ. ಕರಾವಳಿಯ ಬ್ಯಾಂಕುಗಳ ಚರಿತ್ರೆಯನ್ನು ಎನ್‌.ಕೆ. ತಿಂಗಳಾಯರು ಬರೆದಿಟ್ಟ ಕ್ರಮವನ್ನಾದರೂ ಹೊಸಬರು ಒಮ್ಮೆ ಓದಬೇಕು.

ಪ್ರಶ್ನೆ ಸಿಕ್ಕಿದ ಮೇಲೆ ಶೋಧಗಂಗಾ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇನ್‌ಫ್ಲಿಬ್‌ನೆಟ್ ಅಲ್ಲಿ ಉಚಿತವಾಗಿ ಇಟ್ಟಿದೆ. ಸ್ವಸಹಾಯ ಸಂಘ ಮತ್ತು ಮಹಿಳಾ ಸಬಲೀಕರಣ ಎಂದು ಹುಡುಕಿದರೆ ಎಷ್ಟು ಪ್ರಬಂಧಗಳು ಸಾಲಾಗಿ ಬರುತ್ತವೆ ನೋಡಿ. ಅದೇ ದಾರಿಯಲ್ಲಿ ಇನ್ನೊಂದು ಬೇಕೆ ಎಂದು ಆಗ ನೀವೇ ತೀರ್ಮಾನಿಸಬಹುದು. ನಿಮಗೆ ಹತ್ತಿರವಾದ ಹತ್ತು ಪ್ರಬಂಧಗಳ ಕೊನೆಯ ಅಧ್ಯಾಯವನ್ನು ಮೊದಲು ಓದಿ. ‘ಮುಂದಿನ ಸಂಶೋಧನೆಗೆ ಅವಕಾಶ’ ಎಂಬ ಭಾಗದಲ್ಲಿ ಅವರು ಬಿಟ್ಟುಹೋದ ಕೆಲಸ ಕಾಣುತ್ತದೆ. ಸಾಹಿತ್ಯ ಸಮೀಕ್ಷೆಯಲ್ಲಿ ಒಬ್ಬೊಬ್ಬ ಲೇಖಕರಿಗೆ ಒಂದೊಂದು ಪ್ಯಾರಾ ಕೊಟ್ಟು ವರ್ಷವಾರು ಜೋಡಿಸುವ ರೂಢಿ ಬಿಡಿ. ಯಾರು ಯಾರ ಮಾತನ್ನು ಒಪ್ಪುತ್ತಾರೆ, ಎಲ್ಲಿ ಭಿನ್ನಾಭಿಪ್ರಾಯ, ಅದು ಏಕೆ ತೀರ್ಮಾನವಾಗಿಲ್ಲ ಎಂದು ಬರೆಯಿರಿ. ಝೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಮೊದಲ ದಿನದಿಂದಲೇ ಆಕರಗಳನ್ನು ಕೂಡಿಡುವವರಿಗೆ ಕೊನೆಯ ತಿಂಗಳ ನಿದ್ದೆಗೇಡು ತಪ್ಪುತ್ತದೆ.

ಪ್ರಶ್ನಾವಳಿ ಬಳಸುವವರು ಎರಡು ಕಡೆ ಎಡವುತ್ತಾರೆ. ಒಂದು, ಎರವಲು ತಂದ ಅಳತೆಗೋಲು. ಪರಶುರಾಮನ್, ಜೈಥಮಲ್ ಮತ್ತು ಬೆರ್ರಿ 1988ರಲ್ಲಿ ಕೊಟ್ಟ ಸರ್ವ್‌ಕ್ವಾಲ್‌ನ 22 ಹೇಳಿಕೆಗಳು, ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ತಂತ್ರಜ್ಞಾನ ಸ್ವೀಕಾರದ ಮಾದರಿ ಇವೆಲ್ಲ ಅಮೆರಿಕದಲ್ಲಿ ರೂಪುಗೊಂಡವು. ಬಳಸಲು ಅಡ್ಡಿಯಿಲ್ಲ, ಆದರೆ ಬಂದರಿನ ದಕ್ಕೆಯಲ್ಲಿ ಮೀನು ಮಾರುವ ಮಹಿಳೆಗೆ ಅವು ಅರ್ಥವಾಗುತ್ತವೆಯೆ ಎಂದು ಮೊದಲು ಹತ್ತಿಪ್ಪತ್ತು ಜನರೊಡನೆ ಕೂತು ಪರೀಕ್ಷಿಸಬೇಕು. ಮಂಗಳೂರಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಇಂಗ್ಲಿಷಿನ ಪ್ರಶ್ನೆಯನ್ನು ಒಬ್ಬರಿಂದ ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತರಿಸಿ ಹೋಲಿಸಿ. ತುಳುವಿನಲ್ಲಿ ಬಾಯಿಮಾತಿನಲ್ಲಿ ಕೇಳುವುದಾದರೆ ಎಲ್ಲರಿಗೂ ಒಂದೇ ರೀತಿ ಕೇಳುವಂತೆ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಬೆಳಗ್ಗೆ ಒಂದು ಪ್ರಶ್ನೆ, ಸಂಜೆ ಇನ್ನೊಂದು ಪ್ರಶ್ನೆ ಕೇಳಿದಂತಾಗುತ್ತದೆ.

ಎರಡನೆಯದು 384 ಎಂಬ ಸಂಖ್ಯೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಒಂದು ಲಕ್ಷದಷ್ಟು ಜನಸಮೂಹಕ್ಕೆ ಸಿಗುವ ಮಾದರಿ ಗಾತ್ರ ಇದು, ಮ್ಯಾನೇಜ್‌ಮೆಂಟ್ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆ ಲೆಕ್ಕ ನಿಲ್ಲುವುದು ಸಮೂಹದ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದಾಗ ಮಾತ್ರ. ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸಿ 384 ಜನರಿಂದ ತುಂಬಿಸಿಕೊಂಡರೆ ಆ ಸಂಖ್ಯೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಪರೀಕ್ಷಕರು ವೈವಾದಲ್ಲಿ ಇಲ್ಲಿಗೇ ಕೈಹಾಕುತ್ತಾರೆ. ಪಟ್ಟಿ ಸಿಗುವ ಕಡೆ, ಅಂದರೆ ಸಂಘದ ಸದಸ್ಯರು, ಶಾಖೆಗಳು, ಬೈಕಂಪಾಡಿಯ ಕೈಗಾರಿಕಾ ಘಟಕಗಳು ಮುಂತಾದ ಕಡೆ, ನಿಜವಾದ ಯಾದೃಚ್ಛಿಕ ಆಯ್ಕೆ ಮಾಡಿ. ಪಟ್ಟಿ ಇಲ್ಲದಿದ್ದರೆ ಹಾಗೆಂದೇ ಬರೆದು, ತೀರ್ಮಾನವನ್ನು ಅಷ್ಟಕ್ಕೇ ಮಿತಗೊಳಿಸಿ.

ಕ್ಷೇತ್ರಕಾರ್ಯಕ್ಕೆ ಕರಾವಳಿಯ ಕ್ಯಾಲೆಂಡರ್ ನೋಡಿಯೇ ಹೊರಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿ ಮಾಲೀಕರು ನಿಧಾನವಾಗಿ ಕೂತು ಮಾತಾಡುವುದು ಆಗಲೇ. ಆದರೆ ಹೊರರಾಜ್ಯದ ಕಾರ್ಮಿಕರು ಆ ಹೊತ್ತಿಗೆ ಊರಿಗೆ ಹೋಗಿರುತ್ತಾರೆ, ಅವರನ್ನು ಕಾಣಬೇಕಾದರೆ ಆಗಸ್ಟ್ ನಂತರ ಹೋಗಿ. ಬ್ಯಾಂಕ್ ಸಿಬ್ಬಂದಿಯನ್ನು ಮಾರ್ಚ್‌ನಲ್ಲಿ ಕಾಡಬೇಡಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಬೆಳೆಗಾರರಿಗೆ ಪುರಸೊತ್ತಿಲ್ಲ. ಗಲ್ಫ್ ಹಣದ ಮೇಲೆ ಕೆಲಸ ಮಾಡುವವರಿಗೆ ಅಲ್ಲಿಯ ಶಾಲೆಗಳ ಬೇಸಿಗೆ ರಜೆ, ಜುಲೈ-ಆಗಸ್ಟ್, ಕುಟುಂಬಗಳು ಊರಿನಲ್ಲಿರುವ ಕಾಲ. ಮಳೆಗಾಲದಲ್ಲಿ ಮನೆಮನೆ ಸುತ್ತುವ ಯೋಜನೆ ಹಾಕಿದರೆ ಒಂದು ಸೆಮಿಸ್ಟರ್ ಹಾಗೆಯೇ ಕೊಚ್ಚಿಹೋಗುತ್ತದೆ. ಆ ತಿಂಗಳುಗಳನ್ನು ಬರವಣಿಗೆಗೆ ಮೀಸಲಿಡಿ.

ಕಂಪನಿಯೊಳಗಿನ ಮಾಹಿತಿ ಬೇಕಾದವರು ಅನುಮತಿ ಪತ್ರವನ್ನು ಸಿನಾಪ್ಸಿಸ್‌ಗೆ ಮೊದಲೇ ಪಡೆಯಿರಿ. ಕಂಪನಿ ಕೊನೆಯ ಗಳಿಗೆಯಲ್ಲಿ ಕೈಬಿಟ್ಟಾಗ ಹೊಸ ವಿಷಯ ಹುಡುಕುವುದು ಬಹಳ ಕಷ್ಟ. ಅನುಮತಿ ಸಿಗದಿದ್ದರೂ ಷೇರುಪೇಟೆಯಲ್ಲಿ ನೋಂದಾಯಿತವಾದ ಕರ್ಣಾಟಕ ಬ್ಯಾಂಕ್, ಎಂಆರ್‌ಪಿಎಲ್‌ನಂಥ ಸಂಸ್ಥೆಗಳ ವಾರ್ಷಿಕ ವರದಿಗಳು, ರಿಸರ್ವ್ ಬ್ಯಾಂಕಿನ ದತ್ತಾಂಶ ಕೋಶ, ನವಮಂಗಳೂರು ಬಂದರಿನ ಸರಕು ಸಾಗಣೆಯ ಅಂಕಿಅಂಶ ಎಲ್ಲರಿಗೂ ತೆರೆದಿವೆ.

ವಿಶ್ಲೇಷಣೆಯ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಪ್ರಶ್ನಾವಳಿ ಹಂಚುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಉದ್ದೇಶ, ಊಹೆ, ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳ ಸಂಖ್ಯೆ, ಮಾಡುವ ಪರೀಕ್ಷೆ. ಯಾವ ಸಾಲಿನಲ್ಲಿ ಖಾಲಿ ಜಾಗ ಉಳಿಯಿತೋ ಆ ಉದ್ದೇಶವನ್ನೋ ಆ ಪ್ರಶ್ನೆಯನ್ನೋ ಅಳಿಸಿಬಿಡಿ. ಡೇಟಾ ಬಂದ ಮೇಲೆ ಸಂಖ್ಯಾಶಾಸ್ತ್ರಜ್ಞರ ಬಳಿ ಓಡುವವರಿಗೆ ಸಿಗುವುದು ನೂರು ಕೋಷ್ಟಕಗಳು. ಅವುಗಳಲ್ಲಿ ವಯಸ್ಸಿಗೂ ತೃಪ್ತಿಗೂ, ವಿದ್ಯೆಗೂ ತೃಪ್ತಿಗೂ ಎಂದು ಕೈಗೆ ಬಂದಂತೆ ಕೈ-ಸ್ಕ್ವೇರ್ ನಡೆದಿರುತ್ತದೆ. ಇಪ್ಪತ್ತರಲ್ಲಿ ಒಂದು ಪರೀಕ್ಷೆ ಬರೀ ಆಕಸ್ಮಿಕದಿಂದಲೇ ‘ಮಹತ್ವದ್ದು’ ಎಂದು ಬರಬಹುದು ಎಂಬುದು ಮರೆತುಹೋಗಿರುತ್ತದೆ. ಎಸ್‌ಪಿಎಸ್‌ಎಸ್ ಕೊಳ್ಳಲು ಹಣವಿಲ್ಲದವರು ಆರ್ ಅಥವಾ ಜಮೋವಿ ಬಳಸಿ, ಎರಡೂ ಉಚಿತ. ನಿಮ್ಮ ಲೆಕ್ಕವನ್ನು ಬೇರೆಯವರು ಹಾಕಿಕೊಟ್ಟರೂ ಅದನ್ನು ಬೋರ್ಡಿನ ಮೇಲೆ ವಿವರಿಸುವಷ್ಟು ನೀವು ಕಲಿತಿರಲೇಬೇಕು.

ಬರೆಯುವಾಗ ಮೊದಲ ಅಧ್ಯಾಯದಿಂದ ಶುರುಮಾಡಬೇಕಾಗಿಲ್ಲ. ವಿಧಾನದ ಅಧ್ಯಾಯ ಸುಲಭ, ಏಕೆಂದರೆ ನೀವು ಮಾಡಿದ್ದನ್ನೇ ಬರೆಯುತ್ತೀರಿ. ಕ್ಷೇತ್ರಕಾರ್ಯ ನಡೆಯುತ್ತಿರುವಾಗಲೇ ಅದನ್ನು ಮುಗಿಸಿ. ನಂತರ ಫಲಿತಾಂಶ, ಆಮೇಲೆ ಸಮೀಕ್ಷೆಯ ಪರಿಷ್ಕರಣೆ, ಪೀಠಿಕೆ ಎಲ್ಲಕ್ಕಿಂತ ಕೊನೆಗೆ. ನಮ್ಮ ಹೆಚ್ಚಿನ ಮ್ಯಾನೇಜ್‌ಮೆಂಟ್ ಪ್ರಬಂಧಗಳು ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿಬಂದ ಎಷ್ಟೋ ಜನ ವಾಕ್ಯಕ್ಕೆ ಹೆದರಿ ಆಲೋಚನೆಯನ್ನೇ ನಿಲ್ಲಿಸಿಬಿಡುತ್ತಾರೆ. ಅವರಿಗೆ ನಾನು ಕೊಡುವ ಸಲಹೆ: ಪ್ರತಿ ಅಧ್ಯಾಯದ ವಾದವನ್ನು ಮೊದಲು ಕನ್ನಡದಲ್ಲಿ ಒಂದು ಪುಟ ಬರೆಯಿರಿ, ಮನೆಯವರಿಗೆ ಓದಿ ಹೇಳಿ. ಕೇಳಿದವರಿಗೆ ಅರ್ಥವಾದರೆ ಅಧ್ಯಾಯ ನಿಮ್ಮ ಕೈಯಲ್ಲಿದೆ ಎಂದರ್ಥ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಪಾಠ ಹೇಳುವವರಿಗೆ ಇಡೀ ದಿನದ ಬಿಡುವು ಸಿಗುವುದು ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ಮಾತ್ರ. ಅದಕ್ಕಾಗಿ ಕಾಯದೆ ಬೆಳಗಿನ ಒಂದೂವರೆ ಗಂಟೆಯನ್ನು ಯಾರಿಗೂ ಬಿಟ್ಟುಕೊಡದೆ ಇಟ್ಟುಕೊಂಡವರು ಮುಗಿಸುವುದನ್ನು ನೋಡಿದ್ದೇನೆ.

ಗೈಡ್ ಬಳಿ ‘ಸರ್, ಹೇಗಿದೆ?’ ಎಂದು ನೂರು ಪುಟ ಕೊಟ್ಟರೆ ತಿಂಗಳುಗಟ್ಟಲೆ ಉತ್ತರ ಬರುವುದಿಲ್ಲ. ಹತ್ತು ಪುಟ ಕೊಟ್ಟು, ಎಲ್ಲಿ ಅನುಮಾನವಿದೆಯೋ ಅಲ್ಲಿ ಗುರುತು ಹಾಕಿ, ಮುಂದಿನ ಭೇಟಿಯ ದಿನ ನಿಗದಿಮಾಡಿ ಬನ್ನಿ. ಚರ್ಚೆಯಾದದ್ದನ್ನು ಅಂದೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ. ಯುಜಿಸಿ ನಿಯಮದಂತೆ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಗೈಡ್ ಆರಿಸುವಾಗ ಇದು ನೆನಪಿರಲಿ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಇದನ್ನು ಸಹಿಗಾಗಿ ಮಾಡುವ ಶಾಸ್ತ್ರವಾಗಿಸದೆ, ಬರೆದ ಒಂದು ಭಾಗವನ್ನು ಪ್ರತಿ ಬಾರಿಯೂ ಅಲ್ಲಿ ಇಡಿ. ವೈವಾದಲ್ಲಿ ಬರುವ ಆಕ್ಷೇಪ ಅಲ್ಲಿಯೇ ಬಂದರೆ ತಿದ್ದಲು ಕಾಲವಿರುತ್ತದೆ.

ಪ್ರಕಟಣೆಯ ವಿಚಾರದಲ್ಲಿ ಗೊಂದಲ ಬಹಳ. ಪ್ರಬಂಧ ಸಲ್ಲಿಸಲು ಲೇಖನ ಕಡ್ಡಾಯ ಎಂಬ 2016ರ ಯುಜಿಸಿ ಷರತ್ತನ್ನು 2022ರ ನಿಯಮ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು, ಕೇಳಿ ತಿಳಿಯಿರಿ. ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಲಾಗಿದೆ. ಈಗ ಪತ್ರಿಕೆಯ ಗುಣ ಅಳೆಯುವ ಹೊಣೆ ನಮ್ಮ ಮೇಲೆಯೇ ಇದೆ. ಮೂರು ದಿನದಲ್ಲಿ ಒಪ್ಪಿಗೆ, ಹಣ ಕಟ್ಟಿದರೆ ಪ್ರಕಟಣೆ ಎನ್ನುವ ಪತ್ರಿಕೆಯಿಂದ ದೂರವಿರಿ.

ನಕಲಿನ ಬಗ್ಗೆ 2018ರ ನಿಯಮ ಸ್ಪಷ್ಟವಾಗಿದೆ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಶೇಕಡಾವಾರು ಇಳಿಸಲು ಪದ ಬದಲಿಸುವ ಆಟಕ್ಕಿಂತ ಮೂಲವನ್ನು ಮುಚ್ಚಿಟ್ಟು ನೆನಪಿನಿಂದ ಬರೆದು, ಆಮೇಲೆ ಆಕರ ಸೇರಿಸುವುದು ಒಳ್ಳೆಯದು. ಹಣ ಪಡೆದು ಪ್ರಬಂಧ ಬರೆದುಕೊಡುವವರ ಜಾಹೀರಾತು ಈಗ ಎಲ್ಲರ ಫೋನಿಗೂ ಬರುತ್ತದೆ. ನಾಳೆ ತರಗತಿಯಲ್ಲಿ ನಿಂತು ಮಕ್ಕಳಿಗೆ ಪ್ರಾಮಾಣಿಕತೆ ಹೇಳಬೇಕಾದವರು ಆ ಬಾಗಿಲು ತಟ್ಟಬಾರದು. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಭಾಷೆ ತಿದ್ದಲು ಬಳಸಿದ್ದರೆ ಗೈಡ್‌ಗೆ ತಿಳಿಸಿ, ಪ್ರಬಂಧದಲ್ಲಿ ನಮೂದಿಸಿ. ಅವು ಕೊಡುವ ಆಕರಗಳನ್ನು ಮೂಲ ನೋಡದೆ ಸೇರಿಸಲೇಬೇಡಿ. ಇಲ್ಲದ ಲೇಖನವನ್ನೂ ಅವು ಇದೆ ಎನ್ನುತ್ತವೆ.

ಸಲ್ಲಿಸಿದ ಪ್ರಬಂಧವನ್ನು ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ಹೊರಗಿನ ಒಬ್ಬರು ತಿರಸ್ಕರಿಸಿದರೆ ಪರ್ಯಾಯ ಪರೀಕ್ಷಕರಿಗೆ ಹೋಗುತ್ತದೆ. ಸಲ್ಲಿಕೆಯಿಂದ ವೈವಾ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ 6 ತಿಂಗಳಲ್ಲಿ ಮುಗಿಯಬೇಕು ಎಂದು ನಿಯಮ ಹೇಳುತ್ತದೆ. ತಡವಾದರೆ ವಿನಯದಿಂದ, ಲಿಖಿತವಾಗಿ ವಿಚಾರಿಸಿ. ವೈವಾ ಎಲ್ಲರಿಗೂ ತೆರೆದ ಸಭೆ, ನಿಮ್ಮದಕ್ಕಿಂತ ಮೊದಲು ಬೇರೆಯವರದಕ್ಕೆ ಹೋಗಿ ಕೂತು ಕೇಳಿ. ನಿಮ್ಮ ದಿನ ಬಂದಾಗ ಪರೀಕ್ಷಕರ ವರದಿಯ ಪ್ರತಿ ಆಕ್ಷೇಪಕ್ಕೂ ಪುಟಸಂಖ್ಯೆ ಸಮೇತ ಉತ್ತರ ಸಿದ್ಧವಿರಲಿ. ಒಪ್ಪಬೇಕಾದ ಮಿತಿಯನ್ನು ಒಪ್ಪಿಕೊಳ್ಳುವುದರಿಂದ ಯಾರ ಪದವಿಯೂ ತಪ್ಪುವುದಿಲ್ಲ.

ವೈವಾ ಮುಗಿದ ಮೇಲೆ ಸೂಚಿಸಿದ ತಿದ್ದುಪಡಿಗಳನ್ನು ತಡಮಾಡದೆ ಮಾಡಿ, ಶೋಧಗಂಗಾಕ್ಕೆ ಹೋಗುವ ಡಿಜಿಟಲ್ ಪ್ರತಿಯಲ್ಲೂ ಅವು ಸೇರಿವೆಯೇ ಎಂದು ನೋಡಿ. ಮಾಹಿತಿ ಕೊಟ್ಟ ಬ್ಯಾಂಕ್, ಸಂಘ, ಕಾರ್ಖಾನೆಗಳಿಗೆ ಫಲಿತಾಂಶದ ನಾಲ್ಕು ಪುಟದ ಕನ್ನಡ ಸಾರಾಂಶ ತಲುಪಿಸಿ. ಅವರ ಸಮಯ ಪಡೆದ ಮೇಲೆ ಅದು ನಾವು ಸಲ್ಲಿಸಲೇಬೇಕಾದ ಋಣ, ಮುಂದೆ ಅದೇ ಬಾಗಿಲಿಗೆ ಬರುವ ಸಂಶೋಧಕರಿಗೂ ಅದರಿಂದ ಅನುಕೂಲ. ಘಟಿಕೋತ್ಸವಕ್ಕೆ ಕಾಯುವಾಗ ವಿಶ್ವವಿದ್ಯಾಲಯದಿಂದ ತಾತ್ಕಾಲಿಕ ಪ್ರಮಾಣಪತ್ರ ಪಡೆದುಕೊಳ್ಳಿ. ಪದವಿಯನ್ನು ಯುಜಿಸಿ ನಿಯಮಗಳಿಗೆ ಅನುಸಾರವಾಗಿ ನೀಡಲಾಗುತ್ತಿದೆ ಎಂಬ ಒಕ್ಕಣೆ ಅದರಲ್ಲಿ ಇದೆಯೇ ಎಂದು ಕೌಂಟರಿನಲ್ಲೇ ಓದಿ ನೋಡಿ, ಹೆಸರು ಮತ್ತು ಶೀರ್ಷಿಕೆಯ ಕಾಗುಣಿತವನ್ನೂ ಪರಿಶೀಲಿಸಿ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ಈ ಕಾಗದ ಬೇಕಾಗುತ್ತದೆ.